ಹೊಗೆಯಿಲ್ಲದ ಸೌದೆ

ಆ ಬೀದಿಯಲ್ಲಿ ಯಾರ ಮನೆಗೆ ಸೌದೆ ಬಂದಿಳಿದರೂ ಮೊದಲು ಕರೆ ಹೋಗುತ್ತಿದ್ದುದು ಬಸ್ ಡ್ರೈವರನಿಗೆ. ಅವನು ಬಂದು, ರಾಶಿಯಿಂದ ಎರಡು ಸೀಳು ಎತ್ತಿಕೊಂಡು ಒಂದಕ್ಕೊಂದು ಬಡಿದು ಕೇಳುತ್ತಿದ್ದ. ಟಣ್ ಎಂದರೆ ಒಣಗಿದೆ. ದಬ್ ಎಂದರೆ ಹೊಟ್ಟೆಯಲ್ಲಿ ಇನ್ನೂ ನೀರಿದೆ. ಆಮೇಲೆ ಕಡಿದ ತುದಿಯಲ್ಲಿ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಿದ್ದ, ತೊಗಟೆಯ ಸಂದಿಗೆ ಉಗುರು ತೂರಿಸುತ್ತಿದ್ದ, ಮೂಸುತ್ತಿದ್ದ. ಅಷ್ಟು ಹೊತ್ತೂ ಅವನ ಮುಖ ರೋಗಿಯ ನಾಡಿ ಹಿಡಿದವರ ಮುಖದ ಹಾಗೆ ಬಿಗಿದುಕೊಂಡಿರುತ್ತಿದ್ದುದರಿಂದ ಬೀದಿಯವರು ಅವನಿಗೆ 'ಸೌದೆ ಡಾಕ್ಟ್ರು' ಅಂತಲೇ ಹೆಸರಿಟ್ಟುಬಿಟ್ಟಿದ್ದರು. ಅವನಿಗೂ ಆ ಹೆಸರು ಒಳಗೊಳಗೇ ಇಷ್ಟವಾಗಿತ್ತು.

ಊರು ಬೆಟ್ಟದ ನೆತ್ತಿಯಲ್ಲಿತ್ತು. ವರ್ಷದ ಅರ್ಧ ಭಾಗ ಚಳಿ. ಅದರಲ್ಲೂ ಅರ್ಧ, ಬಾಗಿಲು ತೆಗೆದರೆ ಹಿಮ. ಅಡುಗೆಗೆ ಗ್ಯಾಸಿದ್ದರೂ ಎಲ್ಲರ ಮನೆಯ ನಡುಕೋಣೆಯಲ್ಲೂ ಚಳಿಗೆಂದು ಕಬ್ಬಿಣದ ಒಲೆ, ಅದರ ನೆತ್ತಿಯಿಂದ ಸೂರು ತೂರಿ ಹೋಗುವ ತಗಡಿನ ಹೊಗೆಕೊಳವೆ. ಡ್ರೈವರನು ಬೆಳಿಗ್ಗೆ ಬಸ್ಸನ್ನು ಬೆಟ್ಟದ ಕೆಳಗಿನ ಪಟ್ಟಣಕ್ಕೆ ಇಳಿಸಿ, ಸಂಜೆಗೆ ಮೇಲೆ ತರುತ್ತಿದ್ದ. ಅವನ ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಪರದೆ, ದಿಂಬಿನ ಚೀಲ, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಮಕ್ಕಳಾಗಲಿಲ್ಲ. ಇಬ್ಬರೂ ಅದರ ಮಾತೆತ್ತುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಹಿತ್ತಲಲ್ಲಿ ಅವನೇ ಕಟ್ಟಿದ ಸೌದೆ ಶೆಡ್ಡಿತ್ತು. ಮೇಲೆ ತಗಡು, ಮೂರು ಕಡೆ ಗಾಳಿ ಆಡುವ ಹಾಗೆ ಸಂದು ಬಿಟ್ಟ ಹಲಗೆ. ಪೈನು ಒಂದು ಕಡೆ, ನೀಲಗಿರಿ ಒಂದು ಕಡೆ, ಚಕ್ಕೆ ಪುಳ್ಳೆಗಳಿಗೆ ಬೇರೆ ಮೂಲೆ. ರಜೆಯ ದಿನ ಒಳಗೆ ಹೊಕ್ಕರೆ ಊಟಕ್ಕೆ ಕೂಗಿದರೂ ಬರುತ್ತಿರಲಿಲ್ಲ. ಬಂದಾಗ ಹೆಂಡತಿ ತಟ್ಟೆ ಇಡುತ್ತ ಕೇಳುತ್ತಿದ್ದಳು:

"ಸವತಿ ಮನೆಯಿಂದ ಬಿಡುವಾಯ್ತಾ?"

"ಅವಳು ನಿನ್ನಷ್ಟು ಮಾತಾಡಲ್ಲ ನೋಡು, ಅದಕ್ಕೇ ಹೊತ್ತು ಹೋಗಿದ್ದು ಗೊತ್ತಾಗಲ್ಲ," ಎಂದು ಅವನು ನಗುತ್ತಿದ್ದ.

ಕೆಮ್ಮು ಶುರುವಾದದ್ದು ಒಂದು ಚಳಿಗಾಲದ ಮೊದಲಲ್ಲಿ. ಶೀತ ಅಂದುಕೊಂಡರು. ಶೀತ ಹೋಯಿತು, ಕೆಮ್ಮು ಹೋಗಲಿಲ್ಲ. ಯಂತ್ರ ತುಳಿಯುತ್ತಿದ್ದವಳು ನಡುವೆ ನಿಲ್ಲಿಸಿ, ಎದೆಗೆ ಕೈಯೊತ್ತಿ, ಉಸಿರು ವಾಪಸು ಬರಲಿ ಎಂದು ಕಾಯುತ್ತಿದ್ದಳು.

"ಪೈನಿಂದೇ ಕೆಲಸ," ಎಂದು ಡ್ರೈವರನು ಒಂದೇ ಮಾತಿಗೆ ನಿರ್ಧರಿಸಿದ. ಪೈನಿನಲ್ಲಿ ಅಂಟು ಜಾಸ್ತಿ. ಬೇಗ ಹೊತ್ತಿಕೊಳ್ಳುತ್ತದೆ, ಬೇಗ ಆರುತ್ತದೆ, ಆ ನಡುವೆ ಕೊಳವೆಯ ತುಂಬ ಕಪ್ಪು ಮಸಿ ಬಳಿದು ಹೋಗುತ್ತದೆ. ಅವನು ಕೊಳವೆ ಬಿಚ್ಚಿ ಹಿತ್ತಲಿಗೆ ಒಯ್ದು, ಡಾಂಬರಿನ ಹಾಗೆ ಹೊಳೆಯುತ್ತಿದ್ದ ಮಸಿಯನ್ನೆಲ್ಲ ಕೆರೆದು ತೆಗೆದ. ಶೆಡ್ಡಿನಲ್ಲಿದ್ದ ಪೈನನ್ನು ಬೀದಿಯವರಿಗೆ ಹಂಚಿ, ನೀಲಗಿರಿಯನ್ನು ಮಾತ್ರ ಉರಿಸಿದ. ಹೆಂಡತಿಯ ಕೆಮ್ಮು ಇದ್ದ ಹಾಗೇ ಇತ್ತು.

ಕೆಳಗಿನ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಮನೇಲಿ ಏನು ಉರಿಸ್ತೀರಿ?"

"ಸೌದೆ. ಇಷ್ಟು ದಿನ ಪೈನಿತ್ತು. ಇನ್ಮೇಲೆ ಚೆನ್ನಾಗಿ ಒಣಗಿದ್ದು ಮಾತ್ರ ಉರಿಸ್ತೀನಿ ಡಾಕ್ಟ್ರೇ."

"ಒಣಗಿದ್ದು, ಹಸೀದು ಅನ್ನೋ ಮಾತಲ್ಲ ಇದು. ಇವರ ಶ್ವಾಸಕೋಶ ತುಂಬ ಹಾಳಾಗಿದೆ. ಮನೆಯೊಳಗೆ ಸೌದೆ ಬೆಂಕಿನೇ ಬೇಡ. ಕಣ್ಣಿಗೆ ಕಾಣದ ಹೊಗೆನೂ ಹೊಗೆನೇ."

ಅವನು ತಲೆಯಾಡಿಸಿದ. ಅಲ್ಲೇ ಪೇಟೆಯಲ್ಲಿ ಕರೆಂಟಿನ ಹೀಟರೊಂದನ್ನು ಕೊಂಡ. ಮೊದಲ ಹಿಮ ಬಿದ್ದ ದಿನ ಇಡೀ ಬೀದಿಯ ಕರೆಂಟು ಹೋಯಿತು. ಬಂದಾಗ ಹೀಟರ್ ಹಚ್ಚಿದರೆ ಫ್ಯೂಸ್ ಸುಟ್ಟಿತು. ಲೈನ್‌ಮನ್ ಬಂದು, ಈ ಬೀದಿಯ ತಂತಿಗೆ ಅಷ್ಟು ಭಾರ ಹೊರುವ ಶಕ್ತಿಯಿಲ್ಲ ಎಂದು ಕೈಯಾಡಿಸಿ ಹೋದ. ಹೀಟರು ಮಂಚದ ಕೆಳಗೆ ಸೇರಿತು. ಡಾಕ್ಟರಮ್ಮ ಹೇಳಿದ್ದರಲ್ಲಿ ಡ್ರೈವರನ ಮನಸ್ಸಿನಲ್ಲಿ ಉಳಿದದ್ದು ಹೊಗೆ ಎಂಬ ಒಂದು ಪದ ಮಾತ್ರ. ಹೊಗೆ ತಾನೇ ಆಗಬಾರದು? ಹೊಗೆಯೇ ಬಾರದಂಥ ಸೌದೆ ತರುತ್ತೇನೆ ಎಂದು ಹಟ ಹಿಡಿದ.

ಹಾಳುಬಿದ್ದ ತೋಟವೊಂದರಲ್ಲಿ ಹಳೆಯ ಸೇಬಿನ ಮರಗಳನ್ನು ಕಡಿದು ಚಪ್ಪರದಡಿ ಪೇರಿಸಿಟ್ಟು ವರ್ಷಗಳೇ ಆಗಿವೆ ಎಂದು ಕಂಡಕ್ಟರ್ ಒಬ್ಬ ಹೇಳಿದ. ಡ್ರೈವರನು ಅಲ್ಲಿಗೆ ಹೋಗಿ, ಒಂದೊಂದು ಕೊಂಬೆಯನ್ನೂ ಬಡಿದು ಆರಿಸಿ, ಗಾಡಿ ಮಾಡಿಕೊಂಡು ತಂದ. ಬೆರಳ ಗಾತ್ರಕ್ಕೆ ಸೀಳಿ, ಒಲೆಯ ಬಾಯಿಯ ಗಾಳಿ ಸರಿಹೊಂದಿಸಿ, ಬೆಂಕಿ ಹಚ್ಚಿ ಬೀದಿಗೆ ಓಡಿದ. ಅಕ್ಕಪಕ್ಕದ ಸೂರುಗಳ ಮೇಲೆಲ್ಲ ಬೂದು ಹೊಗೆ ಮಲಗಿತ್ತು. ಅವನ ಮನೆಯ ಕೊಳವೆಯ ಬಾಯಲ್ಲಿ ಮಾತ್ರ ಗಾಳಿ ಸ್ವಲ್ಪ ನಡುಗುತ್ತಿತ್ತು, ಅಷ್ಟೇ.

"ಬಾ, ಹೊರಗೆ ಬಂದು ನೋಡು! ಒಂದೆಳೆ ಹೊಗೆ ಇಲ್ಲ! ಹೇಗನ್ನಿಸ್ತಿದೆ?"

ಹೆಂಡತಿ ಒಲೆಯ ಮುಂದೆ ಕುರ್ಚಿಯಲ್ಲಿ ಕೂತಿದ್ದಳು. ಒಂದು ಗಳಿಗೆ ಅವನ ಮುಖವನ್ನೇ ನೋಡಿ ಹೇಳಿದಳು, "ಇದು ಪರವಾಗಿಲ್ಲ ರೀ. ವಾಸನೆನೂ ಚೆನ್ನಾಗಿದೆ."

ಅವತ್ತು ಅವನ ಕಾಲು ನೆಲದ ಮೇಲಿರಲಿಲ್ಲ. ಡಿಪೋದಲ್ಲಿ, ಬೀದಿಯಲ್ಲಿ, ಬಸ್ಸಿನಲ್ಲಿ ಮುಂದೆ ಕೂತವರಿಗೆಲ್ಲ ಸೇಬಿನ ಸೌದೆಯ ಗುಣಗಾನ. ಸಂಜೆ ಮನೆಗೆ ಬಂದರೆ ನಡುಕೋಣೆ ಬೆಚ್ಚಗಿರುತ್ತಿತ್ತು. ಹೆಂಡತಿ ಆಗಾಗ ಕೆಮ್ಮುತ್ತಿದ್ದಳು, ಹೌದು. ಹಳೆಯ ಕಾಯಿಲೆ, ಒಂದೇ ದಿನಕ್ಕೆ ಹೋಗುತ್ತದೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಒಂದು ದಿನ ಘಾಟಿಯಲ್ಲಿ ದೊಡ್ಡ ಬಂಡೆ ಉರುಳಿ ರಸ್ತೆ ಮುಚ್ಚಿತು. ಅರ್ಧ ದಾರಿಯಿಂದಲೇ ಬಸ್ ತಿರುಗಿಸಿಕೊಂಡು ಬಂದ ಡ್ರೈವರನು ಮಧ್ಯಾಹ್ನವೇ ಮನೆ ಮುಟ್ಟಿದ. ಕೊಳವೆಯ ಬಾಯಲ್ಲಿ ಗಾಳಿ ನಡುಗುತ್ತಿರಲಿಲ್ಲ. ಕಿಟಕಿಗಳೆಲ್ಲ ಹಾರು ಹೊಡೆದಿದ್ದವು. ಒಳಗೆ ಬೀದಿಗಿಂತ ಹೆಚ್ಚು ಚಳಿ. ಹೆಂಡತಿ ಅವನ ಹಳೆಯ ಯೂನಿಫಾರಂ ಕೋಟು ತೊಟ್ಟು, ಅದರ ಮೇಲೆ ಕಂಬಳಿ ಹೊದ್ದು, ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ಯಂತ್ರ ತುಳಿಯುತ್ತಿದ್ದಳು. ಮೆಲ್ಲಗೆ ಏನೋ ಗುನುಗುತ್ತಿದ್ದಳು. ಅವಳು ಗುನುಗಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೆಂದು ಬಾಗಿಲಲ್ಲಿ ನಿಂತವನಿಗೆ ಆಗಲೇ ಹೊಳೆದದ್ದು.

ಅವನು ಒಲೆಯ ಮೇಲೆ ಕೈಯಿಟ್ಟ. ಕಬ್ಬಿಣ ಮಂಜುಗಡ್ಡೆಯಾಗಿತ್ತು.

"ಅಯ್ಯೋ, ಇಷ್ಟು ಬೇಗ ಬಂದ್ರಾ?" ಅವಳು ಗಡಬಡಿಸಿ ಎದ್ದಳು. "ಈಗ ಹಚ್ಚಬೇಕು ಅಂತಿದ್ದೆ..."

"ದಿನಾ ಹಿಂಗೇನಾ?"

ಅವಳು ಹೊದ್ದಿದ್ದ ಕಂಬಳಿಯನ್ನು ತೆಗೆದು ಮಡಿಸತೊಡಗಿದಳು.

"ನಾನು ಬರೋ ಹೊತ್ತಿಗೆ ಮಾತ್ರ ಹಚ್ಚಿಡ್ತೀಯಾ? ಯಾಕೆ ಹೇಳ್ಲಿಲ್ಲ ನಂಗೆ?"

"ಏನಂತ ಹೇಳ್ಲಿ?" ಎಂದಳು ಅವಳು. "ಬೀದೀಲಿ ನಿಂತು ಕೊಳವೆ ನೋಡಿ, ಪರೀಕ್ಷೆ ಪಾಸಾದ ಹುಡುಗನ ಥರ ಒಳಗೆ ಓಡಿ ಬರ್ತೀರಿ. ಆ ಮುಖ ನೋಡ್ಕೊಂಡು, ಇದೂ ಆಗಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಆ ದಿನದಿಂದ ಒಲೆ ಹಚ್ಚಲಿಲ್ಲ. ಗಂಡ ಹೆಂಡತಿ ಇಬ್ಬರೂ ಮನೆಯೊಳಗೆ ಕೋಟು ಹಾಕಿಕೊಂಡೇ ಓಡಾಡಿದರು. ಮುಸುರೆ ನೀರು ತೊಟ್ಟಿಯಲ್ಲೇ ಹೆಪ್ಪುಗಟ್ಟುತ್ತಿತ್ತು. ಬೆಂಕಿಯಿಲ್ಲದೆ ಅವಳ ಉಸಿರು ಸಲೀಸಾಯಿತು, ಆದರೆ ಚಳಿ ಎದೆಗಿಳಿದು ಜ್ವರ ಬಂತು. ಸುದ್ದಿ ತಿಳಿದು ಅವಳ ತಂಗಿ, ಒಂದು ಹಗಲಿನ ರೈಲು ದಾರಿಯ ಆಚೆ ಕಡಲ ದಂಡೆಯ ಊರಿನಲ್ಲಿದ್ದವಳು, ಓಡಿ ಬಂದಳು. ಬಂದವಳೇ ಅಕ್ಕನ ಬಟ್ಟೆಗಳನ್ನು ಚೀಲಕ್ಕೆ ತುರುಕಿದಳು.

"ಭಾವ, ಇಲ್ಲಿ ಬೆಂಕಿ ಹಚ್ಚಿದ್ರೂ ಕಷ್ಟ, ಬಿಟ್ರೂ ಕಷ್ಟ. ನಮ್ಮಲ್ಲಿ ಎರಡೂ ಬೇಡ. ಅಕ್ಕನ್ನ ನಾನು ಕರ್ಕೊಂಡು ಹೋಗ್ತೀನಿ."

ಅವನು ಚೀಲ ಹೊತ್ತು ನಿಲ್ದಾಣದವರೆಗೆ ಬಂದು ಕಳಿಸಿಕೊಟ್ಟ.

ಅಲ್ಲಿ ಹೆಂಡತಿ ಚೇತರಿಸಿಕೊಂಡಳು. ಫೋನಿನಲ್ಲಿ ಅವಳ ಮಾತು ತುಂಡಾಗುತ್ತಿರಲಿಲ್ಲ. ಒಂದೇ ಉಸಿರಿಗೆ ತಂಗಿಯ ಗಂಡನ ಗೊರಕೆಯಿಂದ ಹಿಡಿದು ಮೇಲಿನ ಮನೆಯವರ ಜಗಳದವರೆಗೆ ಹೇಳಿ ನಗಿಸುತ್ತಿದ್ದಳು. ಇತ್ತ ಡ್ರೈವರನು ಒಬ್ಬನೇ ಮನೆಗೆ ಬಂದು, ಒಬ್ಬನೇ ಉಂಡು, ಮಾತಿಗೆ ಜನವಿಲ್ಲದೆ ಶೆಡ್ಡಿನಲ್ಲಿ ಹೋಗಿ ಕೂರುತ್ತಿದ್ದ. ಅಷ್ಟರಲ್ಲಿ ಸಾಮಿಲ್ಲಿನ ಅಂಗಳದಲ್ಲಿ ಓಕ್ ದಿಮ್ಮಿಗಳು ಕಣ್ಣಿಗೆ ಬಿದ್ದವು. ಕಡಿದು ಒಂದು ಬೇಸಿಗೆ ಕಳೆದಿತ್ತು. ಓಕ್ ಹಟಮಾರಿ ಮರ, ಒಳಗಿನ ನೀರು ಬಿಡಲು ಎರಡು ಬೇಸಿಗೆ ಬೇಕು. ಬಿಟ್ಟಮೇಲೆ ಮಾತ್ರ ಅದಕ್ಕೆ ಸಮನಿಲ್ಲ. ನಿಧಾನ ಉರಿ, ಗಟ್ಟಿ ಕೆಂಡ, ಬೆಳಗಿನವರೆಗೂ ಕಾವು. ಇಷ್ಟು ದಿನ ಇದು ತನಗೆ ಯಾಕೆ ಹೊಳೆಯಲಿಲ್ಲ ಎಂದು ಅವನು ಹಣೆ ಚಚ್ಚಿಕೊಂಡ.

ದಿಮ್ಮಿಗಳನ್ನು ಹಿತ್ತಲಿಗೆ ಹಾಕಿಸಿದ. ದಿನವೂ ಡ್ಯೂಟಿ ಮುಗಿಸಿ ಕೊಡಲಿ ಹಿಡಿಯುತ್ತಿದ್ದ. ಬೇಗ ಒಣಗಲೆಂದು ಸಣ್ಣಗೆ ಸೀಳಿದ. ನೆಲದ ತೇವ ತಾಗದ ಹಾಗೆ ಕಲ್ಲಿನ ಮೇಲೆ ಅಡ್ಡಪಟ್ಟಿಯಿಟ್ಟು, ಬಿಸಿಲಿಗೆ ಎದುರಾಗಿ, ಸೀಳಿಗೂ ಸೀಳಿಗೂ ಗಾಳಿ ತೂರುವಷ್ಟು ಸಂದು ಬಿಟ್ಟು ಪೇರಿಸಿದ. ಮಳೆ ಮೋಡ ಕಂಡರೆ ತಗಡು ಎಳೆದು ಮುಚ್ಚುತ್ತಿದ್ದ, ಬಿಸಿಲು ಬಂದರೆ ಸರಿಸುತ್ತಿದ್ದ. ಪಕ್ಕದ ಮನೆಯ ಟೀಚರು ಬೇಲಿಯಾಚೆಯಿಂದ, "ಕೂಸಿಗೆ ಕೂಡ ಇಷ್ಟು ಸಲ ಹೊದಿಕೆ ಹಾಕಿ ತೆಗೆಯಲ್ಲ ಡಾಕ್ಟ್ರೇ," ಎಂದು ನಕ್ಕರು.

ಆ ಬೇಸಿಗೆಯಲ್ಲೇ ಡಿಪೋದ ಮ್ಯಾನೇಜರು ಅವನನ್ನು ಕರೆದು, ಕಡಲ ದಂಡೆಯ ಆ ಊರಿನ ಡಿಪೋದಲ್ಲಿ ಒಂದು ಜಾಗ ಖಾಲಿಯಿದೆ, ಹೂಂ ಅಂದರೆ ವರ್ಗ ಮಾಡಿಸಿಕೊಡುತ್ತೇನೆ ಎಂದರು. ಡ್ರೈವರನು ಯೋಚಿಸಲು ಸಮಯ ಕೇಳಿದ. ಹಿತ್ತಲಿಗೆ ಹೋಗಿ ಓಕಿನ ರಾಶಿಯ ಮುಂದೆ ನಿಂತ. ಅರ್ಧ ಒಣಗಿದ ಸೌದೆ. ಈಗ ಬಿಟ್ಟು ಹೋದರೆ ಪಟ್ಟ ಪಾಡೆಲ್ಲ ಮಣ್ಣುಪಾಲು. ಅಲ್ಲದೆ ಈ ವಯಸ್ಸಿನಲ್ಲಿ ನಾದಿನಿಯ ಊರಿನಲ್ಲಿ, ಯಾರೂ ಗುರುತಿಲ್ಲದ ಕಡೆ ಹೋಗಿ ಏನು ಮಾಡುವುದು? ಹೆಂಡತಿಗೆ ಫೋನ್ ಮಾಡಿ ವರ್ಗದ ವಿಷಯ ಹೇಳಿದ.

"ಇದೊಂದು ಬೇಸಿಗೆ ಕಳೀಲಿ, ಓಕ್ ತಯಾರಾಗುತ್ತೆ. ಆಗ ನೀನು ನಿನ್ನ ಮನೇಲೇ ಇರಬಹುದು. ಏನಂತೀಯಾ?"

ಆ ಕಡೆ ಅವಳು ನಕ್ಕಳು. "ಸವತೀನ ಬಿಟ್ಟು ಬರೋಕಾಗಲ್ಲ ಅನ್ನಿ."

ಅವನೂ ನಕ್ಕ. ಮ್ಯಾನೇಜರಿಗೆ ಬೇಡವೆಂದ.

ಮರಗಳ ಎಲೆ ಉದುರುವ ಹೊತ್ತಿಗೆ ಓಕಿನ ತುದಿಗಳಲ್ಲಿ ಬಿರುಕುಗಳು ನಕ್ಷತ್ರದ ಹಾಗೆ ಬಿಚ್ಚಿಕೊಂಡಿದ್ದವು. ಕೈಗೆತ್ತಿಕೊಂಡರೆ ಹಗುರ. ಅವನು ಮತ್ತೆ ಫೋನ್ ಮಾಡಿದ. ನಾದಿನಿ, "ಭಾವ, ಈ ಚಳಿಗಾಲ ಒಂದು ಕಳೀಲಿ," ಎಂದಳು. "ಒಂದೇ ಒಂದು ವಾರ ಇದ್ದು ನೋಡ್ಲಿ. ಆಗದಿದ್ರೆ ನಾನೇ ವಾಪಸ್ ತಂದು ಬಿಡ್ತೀನಿ," ಎಂದ. ಒಬ್ಬನೇ ಉಂಡೂ ಉಂಡೂ ಸಾಕಾಗಿದೆ ಎಂಬ ಮಾತೂ ಬಾಯಿ ಜಾರಿ ಬಂತು. ಹೆಂಡತಿ ತಂಗಿಯ ಕೈಯಿಂದ ಫೋನ್ ತೆಗೆದುಕೊಂಡಳು.

"ಬರ್ತೀನಿ ಬಿಡಿ," ಎಂದಳು.

ಬಂದಳು. ಕೆನ್ನೆಗಳು ತುಂಬಿಕೊಂಡಿದ್ದವು. ಅವನು ಒಲೆ ಹಚ್ಚುವ ಮೊದಲು ಅವಳ ಮುಂದೆ ಕೂತು, "ಈ ಸಲ ಸುಳ್ಳು ಹೇಳಬಾರದು. ನನ್ನ ಮೇಲಾಣೆ," ಎಂದ.

"ಹೇಳಲ್ಲ ಮಾರಾಯ್ರೇ."

ಓಕ್ ಅವನು ಹೇಳಿದ ಹಾಗೆಯೇ ಉರಿಯಿತು. ಕಿಡಿಯಿಲ್ಲ, ಚಟಪಟವಿಲ್ಲ, ವಾಸನೆಯಿಲ್ಲ. ಮೊದಲ ಕೆಲವು ದಿನ ಅವಳು ಯಂತ್ರದ ಮುಂದೆ ಕೂತು ಹೊಲಿದಳು. ಡ್ರೈವರನು ಸಂಜೆ ಬಾಗಿಲು ತೆಗೆಯುವಾಗಲೇ ಅವಳ ಮಾತು ಕೇಳುತ್ತಿತ್ತು. ಗೆದ್ದೆ ಅಂದುಕೊಂಡ.

ಆಮೇಲೆ ಗಾಳಿ ತಿರುಗಿತು. ಬೆಟ್ಟದ ಹಿಂದಿನಿಂದ ಬೀಸುವ ಆ ಗಾಳಿ ಕೊಳವೆಯ ಬಾಯಿಗೆ ಅಂಗೈ ಒತ್ತಿದ ಹಾಗೆ, ಹೊರಗೆ ಹೋಗಬೇಕಾದ್ದನ್ನೆಲ್ಲ ಒಳಕ್ಕೆ ತಳ್ಳುತ್ತದೆ. ಎಡೆಬಿಡದೆ ಹಿಮ ಸುರಿಯುತ್ತಿತ್ತು. ಬಸ್ಸುಗಳು ನಿಂತಿದ್ದರಿಂದ ಅವನು ಮನೆಯಲ್ಲೇ ಇದ್ದ. ಸಂಜೆ ಹೆಂಡತಿ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದಳು.

"ರೀ, ಆಗ್ತಿಲ್ಲ."

ಅವಳು ಮಾತಿಗೆ ತಪ್ಪಲಿಲ್ಲ. ನಿಜ ಹೇಳಿದಳು. ಆ ಗಳಿಗೆಯಲ್ಲಿ ಅವನು ಮಾಡಬೇಕಾದ್ದು ಒಂದೇ ಕೆಲಸವಿತ್ತು, ಬೆಂಕಿ ಆರಿಸುವುದು. ಅವನು ಅದನ್ನು ಮಾಡದೆ ಶೆಡ್ಡಿಗೆ ಓಡಿದ. ಅಡಿಯಲ್ಲಿದ್ದ ಸೀಳುಗಳಿಗೆ ಎಲ್ಲೋ ತೇವ ತಗುಲಿರಬೇಕು, ಅಂಥದೊಂದು ಒಲೆಗೆ ಸೇರಿಬಿಟ್ಟಿದೆ ಎಂದು ಅವನಿಗೆ ಅನ್ನಿಸಿತ್ತು. ರಾಶಿಯ ಮೇಲಿನಿಂದ ಆರಿಸಿ, ಬಡಿದು ನೋಡಿ, ಇನ್ನೂ ಸಣ್ಣಗೆ ಸೀಳಿ, ತೋಳ ತುಂಬ ಹೊತ್ತು ತಂದ. ಒಲೆಯ ಬಾಗಿಲು ತೆಗೆದು ಬಗ್ಗಿದಾಗ ಹಿಂದಿನಿಂದ ಅವಳ ದನಿ ಬಂತು.

"ಸೌದೆ ಸರಿಯಾಗಿದೆ ರೀ. ನನಗೇ ಆಗ್ತಿಲ್ಲ."

ಆಗ ಅವನು ಕೆಂಡವನ್ನೆಲ್ಲ ಬಾಚಿ ಹಿಮದ ಮೇಲೆ ಚೆಲ್ಲಿದ. ಕಿಟಕಿ ತೆಗೆದ. ಚಳಿ ನುಗ್ಗಿತು, ಅವಳು ಗಡಗಡ ನಡುಗಿದಳು. ಕಿಟಕಿ ಮುಚ್ಚಿದ. ಇದ್ದಬದ್ದ ಕಂಬಳಿಗಳನ್ನೆಲ್ಲ ಸುತ್ತಿ, ಅವಳ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತ. ಅವಳ ಒಂದೊಂದು ಉಸಿರೂ ಅವನ ಪಕ್ಕೆಲುಬಿಗೆ ತಾಗಿ, ಅರ್ಧಕ್ಕೇ ನಿಂತು, ಮತ್ತೆ ಎಳೆದುಕೊಳ್ಳುತ್ತಿತ್ತು.

ಫೋನ್ ಮಾಡಿ ಕರೆದಿದ್ದ ಆಂಬುಲೆನ್ಸ್ ಘಾಟಿ ಹತ್ತಲಾರದೆ ಕೆಳಗಿನ ಪಟ್ಟಣದಲ್ಲೇ ನಿಂತಿದೆ ಎಂದು ಬೆಳಿಗ್ಗೆ ಸುದ್ದಿ ಬಂತು. ಟೀಚರು ಓಡಿ ಹೋಗಿ ಡಿಪೋದ ಮ್ಯಾನೇಜರಿಗೆ ಹೇಳಿದರು. ಮ್ಯಾನೇಜರು ಬಸ್ಸಿನ ಕೀಲಿಯನ್ನು ಡ್ರೈವರನ ಕೈಗಿಟ್ಟು, "ಜಾರದ ಹಾಗೆ ಚಕ್ರಕ್ಕೆ ಚೈನು ಕಟ್ಟಿಸಿದ್ದೀನಿ. ನಿಧಾನ ಇಳಿಸು. ಆಮೇಲಿಂದು ನನಗೆ ಬಿಡು," ಎಂದರು.

ಅಷ್ಟು ದೊಡ್ಡ ಬಸ್ಸಿನಲ್ಲಿ ಒಬ್ಬಳೇ ಪ್ರಯಾಣಿಕಳು. ಅವನು ಅವಳನ್ನು ತನ್ನ ಪಕ್ಕದ ಸಾಲಿನ ಮುಂದಿನ ಸೀಟಿನಲ್ಲಿ ಕೂರಿಸಿ, ಶಾಲಿನಿಂದ ಸೀಟಿಗೆ ಬಿಗಿದ. ಅವಳ ತಲೆ ಕಿಟಕಿಗೆ ಒರಗಿತು. ಅವಳ ಉಸಿರಿಗೆ ಗಾಜಿನ ಮೇಲೆ ಅಂಗೈಯಗಲ ಮಬ್ಬು ಮೂಡುತ್ತಿತ್ತು, ಕರಗುತ್ತಿತ್ತು, ಮತ್ತೆ ಮೂಡುತ್ತಿತ್ತು. ಅವನು ಒಂದು ಕಣ್ಣು ರಸ್ತೆಗೆ, ಒಂದು ಕಣ್ಣು ಕನ್ನಡಿಗೆ ಕೊಟ್ಟು ಇಳಿಸಿದ. ತಿರುವಿನಲ್ಲಿ ಚಕ್ರ ಜಾರಿದರೆ ಮೈಯೆಲ್ಲ ಕಣ್ಣಾಗಿ ಸ್ಟೇರಿಂಗ್ ಹಿಡಿದ, ನೇರ ದಾರಿ ಬಂದ ಕೂಡಲೇ ಕನ್ನಡಿ ನೋಡಿದ. ಮಬ್ಬು ಇತ್ತು.

"ಇನ್ನೇನು ಬಂತು," ಎಂದ. "ಕೇಳಿಸ್ತಾ? ಇನ್ನೇನು ಬಂದೇ ಬಿಡ್ತು. ಗುಣವಾದ್ಮೇಲೆ ನಿನ್ನ ತಂಗಿ ಊರಿಗೇ ಹೋಗೋಣ. ಇಬ್ಬರೂ. ಮ್ಯಾನೇಜರ್ ಹತ್ರ ನಾನು ಮಾತಾಡ್ತೀನಿ."

ಘಾಟಿಯ ಅರ್ಧ ಇಳಿದ ಮೇಲೆ ಒಂದು ಸಲ ಕನ್ನಡಿ ನೋಡಿದಾಗ ಗಾಜು ಸ್ವಚ್ಛವಾಗಿತ್ತು. ಆಚೆಯ ಬಿಳಿ ಕಣಿವೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಬ್ರೇಕ್ ಹಾಕಲಿಲ್ಲ. ಹಿಂತಿರುಗಿ ನೋಡಲಿಲ್ಲ. ಒಂದೊಂದು ತಿರುವಿನಲ್ಲೂ ನಿಯಮದ ಪ್ರಕಾರ ಹಾರನ್ ಹೊಡೆಯುತ್ತ, ಎದುರಿಗೆ ಯಾರೂ ಬಾರದ ಆ ರಸ್ತೆಯಲ್ಲಿ ಆಸ್ಪತ್ರೆಯ ಬಾಗಿಲವರೆಗೂ ಬಸ್ ಇಳಿಸಿದ. ಕನ್ನಡಿಯ ಕಡೆ ಮಾತ್ರ ಮತ್ತೆ ಕಣ್ಣು ಹಾಯಿಸಲಿಲ್ಲ.

ಅದೇ ಡಾಕ್ಟರಮ್ಮ ಬಂದು ನೋಡಿದರು. ಮನೆಯಲ್ಲಿ ಏನು ಉರಿಸಿದಿರಿ ಎಂದು ಅವರು ಕೇಳುತ್ತಾರೆಂದು ಅವನು ಕಾದ. ಅವರು ಕೇಳಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು ಹೋದರು.

ನಾದಿನಿ ಮಾರನೆಯ ದಿನ ಬಂದಳು. ಬಾಯಿಗೆ ಬಂದ ಹಾಗೆ ಬೈಯಲಿ, ಎದೆಯಂಗಿ ಹಿಡಿದು ಜಗ್ಗಲಿ ಎಂದು ಅವನು ಅವಳ ಮುಂದೆ ಹೋಗಿ ನಿಂತ. ಅತ್ತೂ ಅತ್ತೂ ಅವಳ ದನಿ ಬತ್ತಿ ಹೋಗಿತ್ತು.

"ಅಲ್ಲಿ ಚೆನ್ನಾಗಿದ್ಲು ಭಾವ," ಎಂದಳು. "ತಾರಸಿ ಮೇಲೆ ಬಟ್ಟೆ ಹರವೋಕೆ ತಾನೇ ಹತ್ತಿ ಹೋಗ್ತಿದ್ಲು."

ಅಷ್ಟೇ ಹೇಳಿದಳು. ಎಲ್ಲ ಮುಗಿದ ಮೇಲೆ ರೈಲು ಹತ್ತಿ ಹೊರಟು ಹೋದಳು.

ಚಳಿಗಾಲ ಇನ್ನೂ ಮುಗಿದಿರಲಿಲ್ಲ. ಡ್ರೈವರನು ರಸ್ತೆ ತೆರೆದ ದಿನವೇ ಡ್ಯೂಟಿಗೆ ಹಾಜರಾದ. ಮನೆಗೆ ಬಂದರೆ ಕೋಟು ಬಿಚ್ಚದೆ, ದೀಪ ಹಾಕಿ, ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದ. ಒಳಗಿನ ಗೋಡೆಗಳಿಗೂ ಮಂಜು ಹಿಡಿಯಿತು. ಶೆಡ್ಡಿನ ಬಾಗಿಲಿಗೆ ಚಿಲಕ ಹಾಕುವುದನ್ನೂ ಬಿಟ್ಟ. ಓಕ್ ಬೇಕಾದವರು ತೆಗೆದುಕೊಂಡು ಹೋಗಿ ಎಂದು ಬೀದಿಗೆಲ್ಲ ಹೇಳಿದರೂ ಯಾರೂ ಒಂದು ಕಡ್ಡಿ ಮುಟ್ಟಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಟೀಚರಿಗೆ ತಡೆಯಲಾಗಲಿಲ್ಲ. ಶೆಡ್ಡಿನಿಂದ ತಾವೇ ಒಂದು ಹೊರೆ ಸೌದೆ ಎತ್ತಿಕೊಂಡು, ಬೆಂಕಿಪೊಟ್ಟಣ ಹಿಡಿದು ಅವನ ನಡುಕೋಣೆಗೆ ಬಂದರು.

"ಹಿಂಗೆ ಕೂತ್ರೆ ನೀವೂ ಉಳಿಯಲ್ಲ ಅಣ್ಣ. ನಾನು ಹಚ್ಚಿಕೊಡ್ತೀನಿ, ಸುಮ್ನೆ ಕೂತ್ಕೊಳ್ಳಿ."

ಅವನು ಎದ್ದು ಅವರ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡ. ಕೋಪದಿಂದಲ್ಲ, ಮಗುವಿನ ಕೈಯಿಂದ ಚೂಪಾದ ವಸ್ತು ತೆಗೆದುಕೊಳ್ಳುವ ಹಾಗೆ.

"ಹಚ್ಚಬಾರದಿತ್ತು ಟೀಚರ್," ಎಂದ. "ಅವಳು ಇದ್ದಾಗ ಹಚ್ಚಬಾರದಿತ್ತು. ಈಗ ಯಾರಿಗೆ ಅಂತ ಹಚ್ಚಲಿ?"

ಟೀಚರು ತಂದ ಸೌದೆಯನ್ನು ಒಲೆಯ ಪಕ್ಕ ಮೆಲ್ಲಗೆ ಇಳಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಹೋದರು. ಅವನು ಬಾಗಿಲು ಹಾಕಿಕೊಂಡು ಬಂದು ಮತ್ತೆ ಸ್ಟೂಲಿನ ಮೇಲೆ ಕೂತ.